ಹೇಳದೆ ತಿಳಿಯುವ ನಂಟು

“ಮದುವೆಮನೆಗೆ ಹೋದರು, ವಾಲಗದವರು ಇನ್ನೂ ಬಂದಿರಲಿಲ್ಲ” ಎಂದರೆ, ಯಾವ ವಾಲಗದವರೆಂದು ವಾಚಕನು ಕೇಳುವುದಿಲ್ಲವಷ್ಟೆ. ಮದುವೆಯೆಂಬ ಮಾತೇ ಅವರನ್ನು ಕರೆತಂದಿರುತ್ತದೆ. ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಕ್ಲಾರ್ಕರು 1975ರಲ್ಲಿ ಇದನ್ನು ಸೇತುವೆ ಕಟ್ಟುವ ಕಾರ್ಯವೆಂದು ವಿವರಿಸಿದರು, ಕಟ್ಟುವವನು ವಾಚಕನೇ. ಇಂಗ್ಲಿಷು ಇಲ್ಲಿ ‘ದಿ’ ಎಂಬ ಗುರುತನ್ನಿಡುವುದು. ಕನ್ನಡಕ್ಕೆ ಬರಿಯ ನಾಮಪದವೇ ಸಾಕು. ಇದನ್ನು ಮರೆತ ಅನುವಾದಕನು “ಹಳ್ಳಿಯನ್ನು ಹೊಕ್ಕರು, ಆ ಚರ್ಚು ಮುಚ್ಚಿತ್ತು” ಎಂದು ಬರೆಯುವನು. ನಮ್ಮ ‘ಆ’ ಎಂಬುದು ಹಿಂದೆ ಹೇಳಿದುದನ್ನು ಬೆರಳಿಟ್ಟು ತೋರಿಸುವ ಶಬ್ದ. ಆದುದರಿಂದ ವಾಚಕನು ಕಾಣದ ಚರ್ಚನ್ನು ಹಿಂದಿನ ಪುಟಗಳಲ್ಲಿ ಹುಡುಕಿ ಬಳಲುವನು. ‘ಆ’ ತೆಗೆದರಷ್ಟೇ ಸಾಲದು. ಹಳ್ಳಿಯೆಂದೊಡನೆ ಇಂಗ್ಲಿಷರಿಗೆ ಚರ್ಚು ತೋರುವಂತೆ ನಮ್ಮವರಿಗೆ ತೋರದು. “ಅಲ್ಲಿಯ ಚರ್ಚು” ಎಂದರೆ ಸೇತುವೆ ನಿಲ್ಲುವುದು. ಅನುವಾದಿಸಬೇಕಾದುದು ಪದವನ್ನಲ್ಲ, ಪದಗಳ ನಡುವಿನ ನಂಟನ್ನು.