ಬೇಸಿಕ್ ಮುಟ್ಟಿದವರ ಮಿದುಳು

ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಕಡೂರು ಅಲ್ಲಿಂದ ಹತ್ತಿರವೇ. ಹಾಗಾಗಿ ಈ ಮೂರೂ ತಾಲ್ಲೂಕಿನ ನಾವು ನಾಲ್ಕೈದು ಜನ ಭಾನುವಾರ ಸಂಜೆ ಸೇರೋದು ಬೀರೂರಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ. ಒಬ್ಬಾಕೆ ಪ್ರೈಮರಿ ಶಾಲೆ ಟೀಚರು, ಒಬ್ಬ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು, ಉಳಿದವರು ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತಿರುವವರು. ನಮ್ಮ ಮನೆಗಳಲ್ಲಿ ನಮಗಿಂತ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿಲ್ಲ. ಸಾಮಾನ್ಯವಾಗಿ ಕವಿತೆ ಓದುತ್ತೇವೆ, ಜಗಳ ಆಡುತ್ತೇವೆ. ಈ ಸಲ ಜಗಳವಾದದ್ದು ಕವಿತೆಗಲ್ಲ, ಕಂಪ್ಯೂಟರಿಗೆ.

ಕಾರಣ ಹೀಗಿದೆ. ನಮ್ಮಲ್ಲೊಬ್ಬ ಹೈಸ್ಕೂಲಿನಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹತ್ತಿಪ್ಪತ್ತು ಸಾಲು ಕಲಿತಿದ್ದ. ಪ್ರೋಗ್ರಾಮಿಂಗ್ ಭಾಷೆ ಅಂದರೆ ಬೇರೇನಲ್ಲ, ಯಂತ್ರಕ್ಕೆ 'ಮೊದಲು ಇದು ಮಾಡು, ಆಮೇಲೆ ಅದು ಮಾಡು' ಅಂತ ಹೇಳುವ ಕಟ್ಟುನಿಟ್ಟಿನ ಭಾಷೆ. ಕಾಲೇಜಿನ ಲ್ಯಾಬಿನಲ್ಲಿ ಅವನ ತಪ್ಪು ನೋಡಿದವರೊಬ್ಬರು, "ಬೇಸಿಕ್‌ನಲ್ಲಿ ಶುರು ಮಾಡಿದೋರ ಮಿದುಳು ಕೆಟ್ಟೋಗಿರುತ್ತಪ್ಪ, ಮತ್ತೆ ರಿಪೇರಿ ಆಗಲ್ಲ, ದೊಡ್ಡೋರೇ ಹೇಳವ್ರೆ" ಅಂದರಂತೆ. ಎಲ್ಲರೂ ನಕ್ಕರಂತೆ. ಅವನೂ ನಕ್ಕನಂತೆ. ಆ ದೊಡ್ಡೋರು ಯಾರು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ಚರವನು 1975ರ ಜೂನ್ 18ರಂದು ಬರೆದ ಪುಟ್ಟ ಟಿಪ್ಪಣಿ. ಇಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಲು ಇನ್ನೊಂದು ವಾರ ಬಾಕಿ ಇತ್ತು. ನೋವಾದರೂ ಸರಿ, ಸತ್ಯವನ್ನು ಹೇಳುವುದು ಹೇಗೆ ಎಂಬುದು ಆ ಟಿಪ್ಪಣಿಯ ತಲೆಬರಹದ ಸಾರ.

ಈತ ಸಾಮಾನ್ಯನಲ್ಲ. ಇಂದು ಫೋನಿನ ನಕ್ಷೆ ಒಂದೂರಿಂದ ಇನ್ನೊಂದೂರಿಗೆ ಹತ್ತಿರದ ದಾರಿ ತೋರಿಸುತ್ತದಲ್ಲ, ಅದರ ಬೇರಿನಲ್ಲಿ ಈತ 1959ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಗಣಕ ವಿಜ್ಞಾನದ ಅತಿದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1972ರಲ್ಲೇ ಬಂದಿತ್ತು. ಬರೆಯುತ್ತಿದ್ದುದು ಫೌಂಟನ್ ಪೆನ್ನಿನಲ್ಲಿ. ಬರೆದದ್ದನ್ನು ನಕಲು ತೆಗೆದು ಗೆಳೆಯರಿಗೆ ಅಂಚೆ ಹಾಕುತ್ತಿದ್ದ. ಅವರು ಮತ್ತೆ ನಕಲು ತೆಗೆದು ಹಂಚುತ್ತಿದ್ದರು. ಹೀಗೆ 1300ಕ್ಕೂ ಹೆಚ್ಚು ಟಿಪ್ಪಣಿಗಳು. ಸೈಕ್ಲೋಸ್ಟೈಲ್ ಪತ್ರಿಕೆಗಳ ವಂಶದಲ್ಲಿ ಬಂದ ನಮಗೆ ಈ ಮನುಷ್ಯ ಮೊದಲ ನೋಟಕ್ಕೇ ನೆಂಟನಂತೆ ಕಂಡಿದ್ದು ನಿಜ. ಬೈಗುಳವೂ ನಮ್ಮವರದೇ ಧಾಟಿ. ಆಗ ಚಾಲ್ತಿಯಲ್ಲಿದ್ದ ಒಂದೊಂದು ಪ್ರೋಗ್ರಾಮಿಂಗ್ ಭಾಷೆಯನ್ನೂ ಹಿಡಿದು ಒಂದೊಂದು ಏಟು ಹಾಕುತ್ತಾನೆ. ಫೋರ್ಟ್ರಾನ್ ಎಂಬುದು ಒಂದು ಎಳೆಗೂಸಿನ ಕಾಯಿಲೆ. ಕೋಬಾಲ್ ಬುದ್ಧಿಯನ್ನು ಊನ ಮಾಡುತ್ತದೆ, ಅದನ್ನು ಕಲಿಸುವುದನ್ನು ಅಪರಾಧವೆಂದು ಎಣಿಸಬೇಕು. ಬೇಸಿಕ್ ಸೋಕಿದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ, ಅವರ ಮನಸ್ಸು ಮತ್ತೆ ಚಿಗುರಲಾರದಷ್ಟು ಊನವಾಗಿರುತ್ತದೆ.

ಇಲ್ಲಿ ನಾವು ಓದು ನಿಲ್ಲಿಸಿದೆವು. ಇದನ್ನು ತಮಾಷೆಯೆಂದು ತಳ್ಳಿಹಾಕುವವರಿದ್ದಾರೆ. ಇರಬಹುದು. ಆದರೆ ಒಂದು ವಸ್ತುವನ್ನು ಮುಟ್ಟಿದ ಮಾತ್ರಕ್ಕೆ ಮನುಷ್ಯ ಕೆಡುತ್ತಾನೆ, ಕೆಟ್ಟವನು ಮತ್ತೆ ಶುದ್ಧನಾಗಲಾರ ಅನ್ನುವ ಮಾತು ನಮ್ಮ ಕಿವಿಗೆ ಹೊಸದಲ್ಲ. ನೆದರ್‌ಲ್ಯಾಂಡ್ಸಿನ ಗಣಿತಜ್ಞನಿಗೆ ಹೊಲಗೇರಿ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಬೇರೆ ಮಾತು ಹುಡುಕುತ್ತಿದ್ದನೇನೋ.

1973ರ ನೆನಪು ಬಂತು. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಊರೂರಿನಲ್ಲಿ ಗಲಾಟೆಯಾಯಿತು, ದಲಿತ ಹುಡುಗರು ಏಟು ತಿಂದರು, ಬಸವಲಿಂಗಪ್ಪನವರ ಮಂತ್ರಿ ಸ್ಥಾನ ಹೋಯಿತು. ಡೈಕ್‌ಸ್ಟ್ರಾ ಬೈದದ್ದೂ ಬೂಸಾ ಅಂತಲೇ. ವ್ಯತ್ಯಾಸ ಒಂದೇ. ಬಸವಲಿಂಗಪ್ಪನವರು ಬೂಸಾ ಅಂದದ್ದು ಪುಸ್ತಕಕ್ಕೆ. ಅದನ್ನು ಓದಿ ಬೆಳೆದ ಮಕ್ಕಳ ತಲೆ ಕೆಟ್ಟಿದೆ ಅನ್ನಲಿಲ್ಲ. ಡೈಕ್‌ಸ್ಟ್ರಾನ ಏಟು ಭಾಷೆಯಿಂದ ಜಾರಿ ಮಕ್ಕಳ ತಲೆಗೆ ಬಿತ್ತು. ವಿಮರ್ಶೆ ಎಲ್ಲಿ ಮುಗಿಯುತ್ತದೆ, ಅವಮಾನ ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ ನಮಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಈ ಬೇಸಿಕ್ ಯಾರಿಗಾಗಿ ಹುಟ್ಟಿತು ಅನ್ನುವುದನ್ನೂ ನೋಡಬೇಕು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬಿಬ್ಬರು ಗಣಿತದ ಮೇಷ್ಟ್ರುಗಳು, ವಿಜ್ಞಾನ ಓದದ ಹುಡುಗರೂ ಕಂಪ್ಯೂಟರ್ ಮುಂದೆ ಕೂರಲಿ ಅಂತ ಮಾಡಿದ್ದು. ಕೋಬಾಲ್ ಕೂಡ ಹಾಗೆಯೇ. ಅದಕ್ಕೆ ಬುನಾದಿ ಹಾಕಿದ ಗ್ರೇಸ್ ಹಾಪರ್ ಎಂಬ ಹೆಂಗಸು, ಅಂಗಡಿ ಲೆಕ್ಕ ಸಂಬಳದ ಲೆಕ್ಕ ಬರೆಯುವವರಿಗೂ ಅರ್ಥವಾಗುವ ಮಾತಿನಲ್ಲಿ ಯಂತ್ರಕ್ಕೆ ಹೇಳಬಹುದು ಅಂತ ಹಟ ಹಿಡಿದಾಕೆ. 1950ರ ದಶಕದಲ್ಲಿ ಆಕೆ ಒಂದೇ ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ, ಜರ್ಮನ್ನಿನಲ್ಲಿ ಬರೆದು ಓಡಿಸಿ ತೋರಿಸಿದಳು. ಕಂಪನಿಯ ದೊರೆಗಳು ಗಾಬರಿ ಬಿದ್ದರಂತೆ: ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅಮೆರಿಕನ್ ಯಂತ್ರಕ್ಕೆ ಫ್ರೆಂಚ್ ಬರೋದುಂಟೇ! ಯಂತ್ರಕ್ಕೆ ಯಾವುದೂ ಬರುವುದಿಲ್ಲ, ಯಾವುದಾದರೂ ಆದೀತು ಅನ್ನುವುದು ಹಾಪರ್‌ಗೆ ಗೊತ್ತಿತ್ತು. ಡೈಕ್‌ಸ್ಟ್ರಾ ಬೈದ ಎರಡೂ ಭಾಷೆಗಳು ಬಾಗಿಲು ಅಗಲ ಮಾಡಲು ಹೊರಟವು ಅನ್ನುವುದು ಆಕಸ್ಮಿಕವೇ? ಬಾಗಿಲು ಅಗಲವಾದಾಗ ಒಳಗಿದ್ದವರಿಗೆ ಗಾಳಿ ಕೆಟ್ಟ ಹಾಗನ್ನಿಸುವುದು ಎಲ್ಲ ಮಠಗಳ ಚರಿತ್ರೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮದು ಬರೀ ಸಿಟ್ಟಾಗುತ್ತಿತ್ತು. ನಮ್ಮ ಟೀಚರ್ ಗೆಳತಿ ಬಿಡಲಿಲ್ಲ. "ಪೂರ್ತಿ ಓದ್ರೋ" ಅಂದಳು. ಓದಿದರೆ, ಅದೇ ಟಿಪ್ಪಣಿಯಲ್ಲಿ, ಅದೇ ಒರಟು ಕೈಯಲ್ಲಿ ಇನ್ನೊಂದು ಮಾತಿದೆ. ಒಳ್ಳೆಯ ಪ್ರೋಗ್ರಾಮರನಿಗೆ ಗಣಿತದ ಒಲವಿನ ಜೊತೆಗೆ ಬೇಕಾದ ಅತಿ ಮುಖ್ಯ ಆಸ್ತಿ ಯಾವುದು ಅಂದರೆ, ತಾಯಿನುಡಿಯ ಮೇಲೆ ಅಸಾಧಾರಣ ಹಿಡಿತ. ಇಂಗ್ಲಿಷ್ ಅನ್ನಲಿಲ್ಲ ಆತ. ತಾಯಿನುಡಿ ಅಂದ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಗೋಡೆ ಮೇಲೆ ಬರೆಸಬೇಕಾದ ಮಾತನ್ನು ಬಿಟ್ಟು, ಮಿದುಳು ಕೆಟ್ಟ ಮಾತನ್ನು ಮಾತ್ರ ನಮ್ಮ ಹುಡುಗನವರೆಗೆ ಸಾಗಿಸಿದವರು ಯಾರು ಸ್ವಾಮಿ?

ತಾಯಿನುಡಿಯ ಹಿಡಿತಕ್ಕೂ ಯಂತ್ರಕ್ಕೂ ಏನು ನಂಟು? ಒಂದು ಉದಾಹರಣೆ. 'ಎರಡಕ್ಕೆ ಮೂರು ಕೂಡು' ಅನ್ನುತ್ತೇವೆ. ಮೊದಲು ವಸ್ತುಗಳು, ಕೊನೆಗೆ ಕ್ರಿಯೆ. 1970ರ ಸುಮಾರಿಗೆ ಚಾರ್ಲ್ಸ್ ಮೂರ್ ಎಂಬಾತ ಕಟ್ಟಿದ ಫೋರ್ತ್ ಎಂಬ ಭಾಷೆ ಕೇಳುವುದೂ ಇದನ್ನೇ: ಎರಡು, ಮೂರು, ಕೂಡು. ಇಂಗ್ಲಿಷ್ ಹುಡುಗರಿಗೆ ಇದು ತಲೆಕೆಳಗಾಗಿ ಕಾಣುತ್ತದಂತೆ. ಕಡೂರು ಸಂತೆಯ ಅಜ್ಜಿಗೆ ಇದರಲ್ಲಿ ಏನೂ ತಲೆಕೆಳಗಿಲ್ಲ. ಇನ್ನೊಂದು: ನಮ್ಮಲ್ಲಿ ಷರತ್ತು ಕ್ರಿಯಾಪದದ ಬಾಲದಲ್ಲಿರುತ್ತದೆ. 'ಮಳೆ ಬಂದರೆ'. ಹಾಗಿರುವಾಗ ಇಂಗ್ಲಿಷ್ ಪದ ಕಿತ್ತು ಆ ಜಾಗಕ್ಕೆ ಕನ್ನಡ ಪದ ಅಂಟಿಸಿದರೆ ಕನ್ನಡದ ಪ್ರೋಗ್ರಾಮಿಂಗ್ ಭಾಷೆ ಆಗುವುದಿಲ್ಲ. ಕೋಟು ತೆಗೆಸಿ ಪಂಚೆ ಉಡಿಸಿದಂತಾಗುತ್ತದೆ. ತಮಿಳರು 'ಎಳಿಲ್' ಎಂಬ ಭಾಷೆಯನ್ನೇ ಮಾಡಿಕೊಂಡಿದ್ದಾರೆ. ನಾವು ಮಾಡುವುದಾದರೆ ಬಾಲದಿಂದ ಶುರು ಮಾಡಬೇಕು.

ಈ ಮಾತು ಎತ್ತಿದ ಕೂಡಲೇ ಯಾರಾದರೊಬ್ಬರು ಎದ್ದು, "ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ, ನಾಸಾದೋರೇ ಒಪ್ಪವ್ರೆ" ಅನ್ನುತ್ತಾರೆ. ಶಾಲಾ ವಾರ್ಷಿಕೋತ್ಸವದ ಅತಿಥಿ ಭಾಷಣಗಳಲ್ಲಿ ನಾವೇ ಎಷ್ಟು ಸಲ ಕೇಳಿಲ್ಲ! ಇದರ ಮೂಲ 1985ರಲ್ಲಿ ರಿಕ್ ಬ್ರಿಗ್ಸ್ ಎಂಬಾತ ಬರೆದ ಲೇಖನ. ವಾಕ್ಯದಲ್ಲಿ ಯಾರು ಮಾಡಿದ್ದು, ಯಾರಿಗೆ, ಯಾವುದರಿಂದ ಅಂತ ಸಂಸ್ಕೃತ ವೈಯಾಕರಣರು ಬಿಡಿಸಿ ಹೇಳುತ್ತಿದ್ದ ರೀತಿ, ಯಂತ್ರಕ್ಕೆ ಅರ್ಥವನ್ನು ಉಣ್ಣಿಸುವ ರೀತಿಗೆ ಹೋಲುತ್ತದೆ ಅಂತ ಅದರಲ್ಲಿದೆ. ಒಳ್ಳೆಯ ಲೇಖನವೇ. ಆದರೆ ನಾಸಾ ಸಂಸ್ಕೃತದಲ್ಲಿ ರಾಕೆಟ್ ಹಾರಿಸುತ್ತದೆ ಅಂತ ಅಲ್ಲಿಲ್ಲ. ಪಾಣಿನಿಯ ಸೂತ್ರಗಳ ಹೊಳಹನ್ನು ನಾವು ಅಲ್ಲಗಳೆಯುವುದಿಲ್ಲ; ಅದು ಒಬ್ಬ ಮನುಷ್ಯ ಮಾತನ್ನು ಕೂತು ಆಲಿಸಿದ್ದರ ಫಲ. ಯಾರಿಗೆ, ಯಾವುದರಿಂದ ಅಂತ ಗುರುತಿಸುವ ವಿಭಕ್ತಿ ಕನ್ನಡಕ್ಕೂ ಇದೆ, ತಮಿಳಿಗೂ ಇದೆ. ಅದು ಒಂದೇ ಭಾಷೆಯ ಜನಿವಾರವಲ್ಲ. ಇದೇ ನಾಡಿನಲ್ಲಿ 12ನೇ ಶತಮಾನದ ರಾಜಾದಿತ್ಯ ವ್ಯವಹಾರದ ಗಣಿತವನ್ನು ಕನ್ನಡದಲ್ಲೇ ಬರೆದ, ಲೆಕ್ಕಕ್ಕೆ ಯಾವ ಮೈಲಿಗೆಯೂ ಆಗಲಿಲ್ಲ. ಇನ್ನು ಆ ಶ್ರೇಷ್ಠ ಭಾಷೆಯನ್ನು ಹೈಸ್ಕೂಲಿನಲ್ಲಿ ಕಲಿಯಲು ಬಾಬಾಸಾಹೇಬರಿಗೆ ಬಿಡಲಿಲ್ಲ, ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಮುಟ್ಟಿದರೆ ಬುದ್ಧಿ ಕೆಡುವ ಭಾಷೆ ಒಂದು ಕಡೆ, ಮುಟ್ಟಬಾರದವರು ಮುಟ್ಟಿದರೆ ತಾನೇ ಕೆಡುವ ಭಾಷೆ ಇನ್ನೊಂದು ಕಡೆ.

ನಮ್ಮ ನುಡಿಗೆ ಯಂತ್ರದೊಳಗೆ ಎಂಥ ಜಾಗ ಸಿಕ್ಕಿದೆ ಅಂತಲೂ ಲೆಕ್ಕ ಹಾಕಿದೆವು. ಅಕ್ಷರಗಳನ್ನು ಇಡಲು ಇಂದು ಲೋಕವೆಲ್ಲ ಬಳಸುವ ಯುಟಿಎಫ್-8 ಎಂಬ ಪದ್ಧತಿ 1992ರಲ್ಲಿ ಹುಟ್ಟಿತು. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3. 'ವಾಟರ್' ಅಂತ ಇಂಗ್ಲಿಷಿನಲ್ಲಿ ಬರೆದರೆ 5 ಬೈಟ್, 'ನೀರು' ಅಂತ ಬರೆದರೆ 12. ಹಳೆಯ ಯಂತ್ರಗಳ ಬರಹ ಕೆಡದಿರಲಿ ಅಂತ ಹಾಗೆ ಮಾಡಿದರು, ದ್ವೇಷದಿಂದಲ್ಲ. ಆದರೂ ಮೊದಲ ಪಂಕ್ತಿಯಲ್ಲಿ ಕೂತವರ ಎಲೆಗೆ ಮೊದಲು ಬಡಿಸುವುದು ಊರ ಹಬ್ಬದಲ್ಲಷ್ಟೇ ಅಲ್ಲ ಅಂತ ಗೊತ್ತಾಯಿತು.

ನೀರು ಅಂದಾಗ ಮಾತು ಕೆರೆಗೆ ಹೊರಳಿತು. ನಮ್ಮ ಸೀಮೆಯಲ್ಲಿ ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ ದೊಡ್ಡವು, ಚಿಕ್ಕವು ಲೆಕ್ಕವಿಲ್ಲ. ಇಂಥ ಕೆರೆಗಳ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುವವನು ನೀರುಗಂಟಿ. ಬಹಳ ಕಡೆ ಆ ಕೆಲಸ ನಮ್ಮ ಜನದ್ದು. ನಮ್ಮಲ್ಲೊಬ್ಬನ ತಾತ ಒಂದು ಚಿಕ್ಕ ಕೆರೆಗೆ ನೀರುಗಂಟಿಯಾಗಿದ್ದವರು, ಹೆಬ್ಬೆಟ್ಟು. ಅವರ ಬಾಯಲ್ಲಿ ಲೆಕ್ಕ ಹೀಗೆ: "ಕೋಡಿ ಬಿದ್ರೆ ಹಗಲೂ ರಾತ್ರಿ ಬಿಡು. ಅರ್ಧಕ್ಕಿಳಿದ್ರೆ ಹಗಲು ಮೇಲಿನ ಬಯಲಿಗೆ, ರಾತ್ರಿ ಕೆಳಗಿನ ಬಯಲಿಗೆ. ಇನ್ನೂ ಇಳಿದ್ರೆ ಸರದಿ. ಕೊನೇ ಮಡಿಗೆ ನೀರು ಮುಟ್ಟೋವರ್ಗೂ ಮೊದಲ್ನೇ ಮಡಿಗೆ ಎರಡ್ನೇ ಸರದಿ ಇಲ್ಲ." (ಇದು ಗದ್ದೆಯ ಮಡಿ, ಅಗ್ರಹಾರದ್ದಲ್ಲ.)

ಡೈಕ್‌ಸ್ಟ್ರಾ 1965ರಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ಒಂದು ಸಮಸ್ಯೆ ಲೋಕಪ್ರಸಿದ್ಧ. ಮುಂದೆ ಅದಕ್ಕೆ 'ಊಟಕ್ಕೆ ಕೂತ ತತ್ವಜ್ಞಾನಿಗಳು' ಅಂತ ಹೆಸರಾಯಿತು. ಐದು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ. ನಡುವೆ ಐದೇ ಮುಳ್ಳುಚಮಚ. ಉಣ್ಣಲು ಒಬ್ಬನಿಗೆ ಎರಡು ಬೇಕು. ಯಾರೂ ಹಸಿದು ಸಾಯದಂತೆ, ಎಲ್ಲರೂ ಒಂದೊಂದು ಹಿಡಿದು ಕಲ್ಲಾಗದಂತೆ ಹಂಚುವುದು ಹೇಗೆ? (ಅಡಿಗೆ ಮಾಡಿದವರು, ತಟ್ಟೆ ತೊಳೆಯುವವರು ಉಂಡರೋ ಇಲ್ಲವೋ ಅನ್ನುವುದು ಆ ಸಮಸ್ಯೆಯಲ್ಲಿಲ್ಲ.) ಇರುವುದು ಕಡಿಮೆ, ಬೇಕಾದವರು ಜಾಸ್ತಿ, ಯಾರೂ ಒಣಗಬಾರದು. ತಾತ ಬದುಕೆಲ್ಲ ಬಿಡಿಸಿದ್ದೂ ಇಂಥದ್ದೇ ಲೆಕ್ಕವನ್ನು. ಅವರನ್ನು ಊರು 'ನಿಯತ್ತಿನ ಆಳು' ಅಂದಿತು. 'ಬುದ್ಧಿವಂತ' ಅನ್ನಲಿಲ್ಲ. ಯಂತ್ರಕ್ಕೆ ಮಾತ್ರ ಆ ಪದವಿ ಹುಟ್ಟುವ ಮೊದಲೇ ಸಿಕ್ಕಿತು: ಯಂತ್ರಬುದ್ಧಿ ಅನ್ನುವುದಕ್ಕೆ ಇಂಗ್ಲಿಷಿನ ಹೆಸರು ಬಂದದ್ದು 1956ರಲ್ಲಿ ಡಾರ್ಟ್‌ಮತ್‌ನಲ್ಲಿ ನಡೆದ ಸಭೆಗಾಗಿ ಹಿಂದಿನ ವರ್ಷ ಬರೆದ ಅರ್ಜಿಯಲ್ಲಿ. ಬೇಸಿಕ್ ಹುಟ್ಟಿದ ಅದೇ ಕಾಲೇಜು. ಯಂತ್ರವನ್ನು ಮನುಷ್ಯನಂತೆ ವರ್ಣಿಸುವುದು ಎಳಸುತನ ಅಂತ ಡೈಕ್‌ಸ್ಟ್ರಾ ಅದೇ ಟಿಪ್ಪಣಿಯಲ್ಲಿ ಬೈಯುತ್ತಾನೆ. ಅದಕ್ಕೆ ನಮ್ಮ ಸಹಿ ಇದೆ.

ಆಡುಮಾತಿನಲ್ಲಿ ಪ್ರೋಗ್ರಾಂ ಬರೆಯುವ ಯತ್ನಗಳೆಲ್ಲ ಸೋಲುವುದೇ ಸೈ ಅಂತಲೂ ಅಲ್ಲಿದೆ. ಈಗ ಕಾಲ ಬದಲಾಗಿದೆ, ಬಾಯಿಮಾತಲ್ಲಿ ಹೇಳಿದರೆ ಪ್ರೋಗ್ರಾಂ ಬರೆದುಕೊಡುವ ಯಂತ್ರಗಳಿವೆ. ಬೆಂಚಿನ ಮೇಲೆ ಕೂತೇ ತಾತನ ಮಾತನ್ನು ಅವರ ಧಾಟಿಯಲ್ಲೇ ಫೋನಿಗೆ ಹೇಳಿದೆವು. ಮೊದಲ ಎರಡು ಷರತ್ತು ಸರಿಯಾಗಿ ಬಂತು. ಕೊನೆಯದರಲ್ಲಿ ಎಡವಿತು. ಹತ್ತು ಮಡಿಗೂ ತಲಾ ಒಂದು ಗಂಟೆ ಅಂತ ಸಮನಾಗಿ ಹಂಚಿಬಿಟ್ಟಿತು. ನೋಡಲು ಬಲು ನ್ಯಾಯ. ಆದರೆ ತೂಬಿನ ಪಕ್ಕದ ಮಡಿಗೆ ನೀರು ಚಣದಲ್ಲಿ ಮುಟ್ಟುತ್ತದೆ. ಕೊನೇ ಮಡಿಗೆ ಮಣ್ಣುಕಾಲುವೆ ಕುಡಿದು ಉಳಿದದ್ದು ಮುಟ್ಟುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ತಾತ ಎಣಿಸುತ್ತಿದ್ದುದು ತೂಬು ಎತ್ತಿದ ಹೊತ್ತಿನಿಂದಲ್ಲ, ನೀರು ಮುಟ್ಟಿದ ಹೊತ್ತಿನಿಂದ. "ಮೀಸಲಾತಿ ಯಾಕೆ ಅನ್ನೋರ ಲೆಕ್ಕಾನೂ ಇದೇ ಕಣ್ರೋ" ಅಂದಳು ಟೀಚರ್ ಗೆಳತಿ. 'ಮುಟ್ಟೋವರ್ಗೂ' ಅನ್ನುವ ಒಂದು ಮಾತನ್ನು ಬಿಡಿಸಿ ಬಿಡಿಸಿ ಹೇಳಿದ ಮೇಲೆ ಯಂತ್ರ ಸರಿಯಾಗಿ ಬರೆಯಿತು. ಬಿಡಿಸಿ ಹೇಳಿದವನು, ರಿಪೇರಿಯಾಗದ ಮಿದುಳಿನ ನಮ್ಮ ಆ ಹುಡುಗನೇ.

ಪ್ರೋಗ್ರಾಂ ಇನ್ನೂ ಮುಗಿದಿಲ್ಲ. ಕೋಡಿ ಬೀಳದ ವರ್ಷ ರಾಗಿಗೆ ಎಷ್ಟು, ಭತ್ತಕ್ಕೆ ಎಷ್ಟು ಅನ್ನುವ ಲೆಕ್ಕ ತಾತನ ಜೊತೆ ಹೋಯಿತು, ಕೇಳಿಟ್ಟುಕೊಂಡವರಿಲ್ಲ. ಓದುಗ ಗೆಳೆಯರ ಊರುಗಳಲ್ಲಿ, ಅದರಲ್ಲೂ ಹಳ್ಳಿ ಶಾಲೆಯ ಮೇಷ್ಟ್ರುಗಳ ಊರುಗಳಲ್ಲಿ, ನೀರುಗಂಟಿಗಳು ಇನ್ನೂ ಇದ್ದರೆ ಅವರ ಮಾತನ್ನು ಅವರ ಮಾತಿನಲ್ಲೇ, ತಿದ್ದದೆ, ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ.