ಬಾಗಿಲ ಸಂದಿನ ಮಂಕು ಬಣ್ಣ

ಹಳೆಯ ಸ್ಪೋರ್ಟ್ಸ್ ಕಾರನ್ನು ಮೊದಲಿನ ರೂಪಕ್ಕೆ ತರಲು ಹೊರಟವರಲ್ಲಿ ಬಹುಮಂದಿ ಬಣ್ಣದ ವಿಚಾರವನ್ನು ‘ಯಾವ ಬಣ್ಣ’ ಎಂಬಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ಆ ಬಣ್ಣವನ್ನು ಕಾರ್ಖಾನೆಯ ಕೆಲಸಗಾರರು ಎಲ್ಲಿಂದ ಎಲ್ಲಿಯವರೆಗೆ ಹೊಡೆದರು, ಎಲ್ಲಿ ಉಜ್ಜಿ ಹೊಳಪು ತಂದರು, ಎಲ್ಲಿ ಒಣಗಿದಂತೆಯೇ ಬಿಟ್ಟರು ಎಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ. ಈ ಪ್ರಶ್ನೆಯ ಆಳವನ್ನು ಅರಿಯಲು 1963ರಿಂದ 1967ರವರೆಗೆ ತಯಾರಾದ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಅಮೆರಿಕದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಜೋಡಣೆಗೊಂಡ ಈ ಕಾರಿನ ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು, ಮತ್ತು ಅದಕ್ಕೆ ಬಣ್ಣ ಹಾಕಿದ್ದರಲ್ಲಿ ಯಂತ್ರಕ್ಕಿಂತ ಮನುಷ್ಯರ ಕೈಯ ಪಾಲು ದೊಡ್ಡದು.

ಬಣ್ಣದ ಹೆಸರನ್ನು ಪತ್ತೆಹಚ್ಚುವುದು ಸುಲಭ. ಕಾರಿನೊಳಗೆ ಗ್ಲೋವ್ ಬಾಕ್ಸಿನ ಕೆಳಭಾಗದಲ್ಲಿ ರಿವೆಟ್ ಹೊಡೆದು ಕೂರಿಸಿರುವ, ‘ಟ್ರಿಮ್ ಟ್ಯಾಗ್’ ಎನ್ನಲಾಗುವ ಪುಟ್ಟ ಲೋಹದ ಪಟ್ಟಿಯ ಮೇಲೆ ಬಣ್ಣದ ಸಂಕೇತವನ್ನು ಒತ್ತಿರುತ್ತಾರೆ. 1963ರ ಕಾರಿನಲ್ಲಿ 923 ಎಂದಿದ್ದರೆ ರಿವರ್‌ಸೈಡ್ ರೆಡ್, 916 ಎಂದಿದ್ದರೆ ಡೇಟೋನಾ ಬ್ಲೂ, 941 ಎಂದಿದ್ದರೆ ಸೆಬ್ರಿಂಗ್ ಸಿಲ್ವರ್. ಅಲ್ಲಿಂದ ಮುಂದಿನದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಆ ಕಾರುಗಳಿಗೆ ಬಳಸಿದ್ದು ಅಕ್ರಿಲಿಕ್ ಲ್ಯಾಕರ್, ಎಂದರೆ ಅದರಲ್ಲಿರುವ ದ್ರಾವಕ ಆರಿಹೋದಂತೆ ಗಟ್ಟಿಯಾಗುವ, ಮೇಲಿನ ಕೋಟು ಕೆಳಗಿನ ಕೋಟನ್ನು ತುಸು ಕರಗಿಸಿ ಅದರಲ್ಲೇ ಬೆರೆಯುವ ಬಣ್ಣ. ಇದಕ್ಕೂ ಹಿಂದಿನ ಪೀಳಿಗೆಯದು 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ತಂದ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಕರ್ನಾಟಕದ ಪೀಠೋಪಕರಣದ ಕುಶಲಕರ್ಮಿಗಳು ಗನ್‌ನಿಂದ ಹೊಡೆಯುವ ನುಣುಪು ಬಣ್ಣವನ್ನು ಇಂದಿಗೂ ಡ್ಯೂಕೊ ಎಂದೇ ಕರೆಯುವುದರಲ್ಲಿ ಆ ಹೆಸರು ಉಳಿದುಕೊಂಡಿದೆ. ಲ್ಯಾಕರ್ ಗನ್‌ನಿಂದ ಹೊರಬಿದ್ದಾಗ ಪೂರ್ಣ ಹೊಳಪಿನಿಂದಿರುವುದಿಲ್ಲವಾದ್ದರಿಂದ ಅದನ್ನು ಪಾಲಿಷ್ ಮಾಡಬೇಕಾಗುತ್ತದೆ. ಕಾರ್ಖಾನೆಯಲ್ಲಿ ಈ ಪಾಲಿಷ್ ನಡೆದದ್ದು ಕಣ್ಣಿಗೆ ಬೀಳುವ ಹೊರಮೈಗೆ ಮಾತ್ರ. ಬಾಗಿಲನ್ನು ತೆರೆದು ಅದರ ಚೌಕಟ್ಟಿನ ಸಂದನ್ನು ಬೆಳಕಿಗೆ ಹಿಡಿದು ನೋಡಿದರೆ, ಹೊರಗೆ ಕನ್ನಡಿಯಂತಿರುವ ಅದೇ ಕೆಂಪು ಒಳಗೆ ತುಸು ಮಂಕಾಗಿ, ಮುಟ್ಟಿದರೆ ಸಣ್ಣ ರವೆಯಂತೆ ತರಿತರಿಯಾಗಿ ಸಿಗಬೇಕು. ಈಗಿನ ಎರಡು ದ್ರವ ಬೆರೆಸುವ ಯುರೆಥೇನ್ ಬಣ್ಣ ಹೊಡೆದು ಮೇಲೊಂದು ಪಾರದರ್ಶಕ ಕೋಟು ಕೊಟ್ಟ ಕಾರಿನಲ್ಲಿ ಸಂದೂ ಹೊರಮೈಯೂ ಒಂದೇ ಸಮ ಮಿನುಗುತ್ತವೆ. ಅಲ್ಲಿಗೆ ಆ ಕಾರು ಚೆನ್ನಾಗಿದೆ ಎನ್ನಬಹುದೇ ಹೊರತು ಸರಿಯಾಗಿದೆ ಎನ್ನಲಾಗದು.

ಹೆಚ್ಚು ತಪ್ಪು ನಡೆಯುವುದು ಬಾನೆಟ್ಟಿನ ಕೆಳಗೆ. ಮೈಬಣ್ಣ ಮುಗಿದ ಮೇಲೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಗೆ, ಅಂದರೆ ಫೈರ್‌ವಾಲಿಗೆ, ಅರೆಹೊಳಪಿನ ಕಪ್ಪು ಬಣ್ಣ ಹೊಡೆಯುತ್ತಿದ್ದರು. ಬಲ್ಲವರು ಇದನ್ನು ‘ಬ್ಲ್ಯಾಕ್‌ಔಟ್’ ಎನ್ನುತ್ತಾರೆ. ಗನ್ ಹಿಡಿದವನ ಕೈಯ ವೇಗಕ್ಕೆ ತಕ್ಕಂತೆ ಆ ಕಪ್ಪು ಒಂದೆಡೆ ದಟ್ಟವಾಗಿ, ಅಂಚಿನಲ್ಲಿ ಮಂಜಿನಂತೆ ತೆಳುವಾಗಿ ಚದುರಿರುತ್ತದೆ, ಕಾರಿನ ಅಡಿಗೆ ಬಗ್ಗಿ ನೋಡಿದರೆ ಬಣ್ಣ ಕಾಣದ ಬೂದು ಫೈಬರ್‌ಗ್ಲಾಸಿನ ಮೇಲೂ ಸಿಡಿದಿರುತ್ತದೆ. ಟೇಪು ಅಂಟಿಸಿ ಗೆರೆ ಎಳೆದಂತೆ ಹೊಡೆದ ಕಪ್ಪು ಎಷ್ಟೇ ಅಂದವಾಗಿದ್ದರೂ ಸೇಂಟ್ ಲೂಯಿಸಿನದಲ್ಲ. ಎಂಜಿನ್ನಿನ ಕಿತ್ತಳೆ ಬಣ್ಣದ ಕಥೆಯೂ ಹೀಗೆಯೇ: ಬಿಡಿಭಾಗಗಳನ್ನು ಒಂದೊಂದಾಗಿ ಬಣ್ಣ ಬಳಿದು ಜೋಡಿಸಿದ್ದಲ್ಲ, ಜೋಡಿಸಿದ ಎಂಜಿನ್ನಿಗೆ ಒಟ್ಟಾಗಿ ಹೊಡೆದದ್ದು. ಆದ್ದರಿಂದ ಸುಟ್ಟ ಅನಿಲವನ್ನು ಹೊರಕ್ಕೊಯ್ಯುವ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ಮೇಲೂ ಕಿತ್ತಳೆ ಹನಿಗಳು ಬೀಳುತ್ತಿದ್ದವು, ಕಾರು ಓಡತೊಡಗಿದಂತೆ ಆ ಶಾಖಕ್ಕೆ ಸುಟ್ಟು ಉದುರಿಹೋಗುತ್ತಿದ್ದವು.

1974ರಲ್ಲಿ ಅಮೆರಿಕದಲ್ಲಿ ಆರಂಭವಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಕಾರುಗಳನ್ನು ಪರಿಶೀಲಿಸಿ ಅಂಕ ಕೊಡುವಾಗ ಅಳತೆಗೋಲಾಗಿ ಇಟ್ಟುಕೊಂಡಿರುವುದು ಸೌಂದರ್ಯವನ್ನಲ್ಲ, ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಯನ್ನು. ಶೇ. 94 ಅಥವಾ ಅದಕ್ಕೂ ಹೆಚ್ಚು ಅಂಕ ಪಡೆದರೆ ‘ಟಾಪ್ ಫ್ಲೈಟ್’ ಎಂಬ ಮನ್ನಣೆ ಸಿಗುತ್ತದೆ. ಅತಿಯಾಗಿ ಹೊಳೆಯುವ ಸಂದಿಗೂ ನುಣುಪಾಗಿ ತೀಡಿದ ಕಪ್ಪಿಗೂ ಅಲ್ಲಿ ಅಂಕ ಕಡಿತವಾಗುತ್ತದೆ. ಸಾವಿರಾರು ತಾಸು ದುಡಿದವರಿಗೆ ಇದು ನಿಷ್ಠುರವೆನಿಸಿದರೂ ನ್ಯಾಯವಾದ ನಿಲುವು, ಏಕೆಂದರೆ ಗನ್ ಹಿಡಿದ ಕೈಯ ಗುರುತನ್ನು ಒಮ್ಮೆ ಉಜ್ಜಿ ತೆಗೆದರೆ ಅದನ್ನು ಮತ್ತೆ ತರಲು ಅನುಕರಣೆ ಬಿಟ್ಟರೆ ಬೇರೆ ದಾರಿಯಿಲ್ಲ.

ಆ ಕಾರಣಕ್ಕೇ, ಮೂಲ ಲ್ಯಾಕರ್ ಇನ್ನೂ ಉಳಿದಿರುವ ಕಾರಿನ ಮೇಲೆ ಉಜ್ಜುಕಾಗದ ಆಡಿಸುವ ಮೊದಲು ಬಹಳ ಯೋಚಿಸಬೇಕಾಗುತ್ತದೆ. ಅದು ಬಿರಿದಿರಬಹುದು, ಅಂಚುಗಳಲ್ಲಿ ಸವೆದು ಪ್ರೈಮರ್ ಕಾಣಿಸುತ್ತಿರಬಹುದು, ಫೈಬರ್‌ಗ್ಲಾಸಿನ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿದ ಗೆರೆ ಫೆಂಡರಿನ ನೆತ್ತಿಯ ಮೇಲೆ ನೂಲಿನಂತೆ ಮೂಡಿರಬಹುದು. ಹಾಗಿದ್ದರೂ ಇಂಥದೇ ಇನ್ನೊಂದು ಕಾರಿಗೆ ಬಣ್ಣ ಹೊಡೆಯಹೊರಟವನು ಬಾಗಿಲ ಸಂದು ಎಷ್ಟು ಮಂಕಾಗಿರಬೇಕು, ಕಪ್ಪು ಎಲ್ಲಿಗೆ ತೆಳುವಾಗಬೇಕು ಎಂದು ತಿಳಿಯಲು ಬಗ್ಗಿ ನೋಡಬೇಕಾದದ್ದು ಆ ಕಾರನ್ನೇ.