ನಾರುಹುಣ್ಣಿನ ಲೆಕ್ಕ

ರಾಯಚೂರು ಸೀಮೆಯ ಹಿರಿಯರಿಗೆ ನಾರುಹುಣ್ಣು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕಾಲಲ್ಲಿ ಬೊಬ್ಬೆಯೆದ್ದು ಒಡೆದರೆ ಬಿಳಿ ನೂಲಿನಂಥ ಹುಳ ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ನಡುವೆ ಹರಿದರೆ ಕೀವು, ಬಾವು, ವಾರಗಟ್ಟಲೆ ಹಾಸಿಗೆ. ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಮಂದಿಯನ್ನು ಕಾಡಿದ ಈ ರೋಗ 1996ರ ಜುಲೈಗೆ, ರಾಜಸ್ಥಾನದ ಜೋಧಪುರ ಜಿಲ್ಲೆಯ ಕೊನೆಯ ರೋಗಿಯೊಂದಿಗೆ ಮುಗಿಯಿತು. ಗೆದ್ದದ್ದು ಮುಖ್ಯವಾಗಿ ಕಣ್ಗಾವಲು.

ಅದರ ಜಾಣ್ಮೆ ಸರಳವಾಗಿತ್ತು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ ಸಿಬ್ಬಂದಿ ಮನೆಮನೆಗೆ ಹೋಗಿ ಹುಳದ ಚಿತ್ರ ತೋರಿಸಿ ಕೇಳಿದರು. ಸುದ್ದಿ ಕೊಟ್ಟವರಿಗೆ ನಗದು ಬಹುಮಾನವಿತ್ತು. ಹುಣ್ಣಿನ ಕಾಲು ನೀರಿಗಿಳಿದರೆ ಹುಳ ಮರಿ ಬಿಡುತ್ತದೆ; ಮರಿಯನ್ನು ಸೈಕ್ಲಾಪ್ಸ್ ಎಂಬ ಸಣ್ಣ ಜಲಕೀಟ ನುಂಗುತ್ತದೆ; ಆ ನೀರು ಕುಡಿದವನಿಗೆ ಸುಮಾರು ವರ್ಷದ ಮೇಲೆ ಹುಣ್ಣು. ಹಾಗಾಗಿ ಪ್ರತಿ ಹುಣ್ಣೂ ಹೋದ ವರ್ಷದ ಒಂದು ಬಾವಿಯ ವಿಳಾಸ. ಆ ವಿಳಾಸ ಹಿಡಿದು ಮೆಟ್ಟಿಲು ಬಾವಿಗಳನ್ನು ಸೇದುಬಾವಿ ಮಾಡಿದರು, ನೀರಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕಿದರು, ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿದರು. ರೋಗಿ ಸಿಗದ ಊರಿನಿಂದಲೂ ‘ಸೊನ್ನೆ’ ಎಂಬ ವರದಿ ಬರಬೇಕಿತ್ತು. ವರದಿ ಬರದಿರುವುದು ಬೇರೆ, ರೋಗಿ ಇಲ್ಲದಿರುವುದು ಬೇರೆ ಎಂಬ ಈ ವಿವೇಕವೇ ಅದರ ದೊಡ್ಡ ಸಾಧನೆ. 2000ದ ಫೆಬ್ರವರಿಯಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಮುದ್ರೆಯೊತ್ತಿತು.

ಮಿತಿಯೂ ಅಲ್ಲೇ ಇತ್ತು. ಲೆಕ್ಕ ಇಟ್ಟದ್ದು ಹುಳಕ್ಕೆ, ನೀರಿಗಲ್ಲ. ಸೋಸುವ ಬಟ್ಟೆ ಜಲಕೀಟವನ್ನು ತಡೆಯುತ್ತದೆ, ವಾಂತಿಭೇದಿಯ ರೋಗಾಣುವನ್ನಲ್ಲ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತಾಗ ಈ ಅಂತರ ಕಣ್ಣಿಗೆ ರಾಚಿತು. ಕೃಷ್ಣೆ, ತುಂಗಭದ್ರೆಯರ ನಡುವಿನ ನಾಡಿಗೆ ನೀರಿನದೇ ಭಯ!

ನಾರುಹುಣ್ಣು ಒಂದು ವರ್ಷದ ವಾಯಿದೆ ಕೊಡುತ್ತಿತ್ತು, ವಾಂತಿಭೇದಿ ಹಲವೊಮ್ಮೆ ಒಂದೆರಡು ದಿನವನ್ನೂ ಕೊಡದು. ರೋಗಿಯನ್ನು ಎಣಿಸುವ ಹೊತ್ತಿಗೆ ಊರೆಲ್ಲ ಕುಡಿದಾಗಿರುತ್ತದೆ. ಹಾಗಾಗಿ ಆ ಹಳೆಯ ಶಿಸ್ತು ಈಗ ಹಾಸಿಗೆಯಿಂದ ನೀರಿನ ಟ್ಯಾಂಕಿಗೆ ದಾಟಬೇಕು. ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆ ‘ಯಾರಿಗೆ ಆರಾಮಿಲ್ಲ?’ ಎಂದು ಕೇಳುವ ಮೊದಲು ‘ನೀರು ಎಲ್ಲಿಂದ ತರ್ತೀರಿ?’ ಎಂದು ಕೇಳಲಿ. ಆ ನೀರಿನ ಪರೀಕ್ಷೆಯ ಫಲ, ಸೊನ್ನೆಯಾದರೂ ಸರಿ, ವಾರವಾರವೂ ಪಂಚಾಯಿತಿಯ ಗೋಡೆಯ ಮೇಲೆ ಕಾಣಲಿ.